ಒಂಟಿ ಕಾಲಿನ ಮ್ಯಾರಥಾನ್: ಟೆರ್ರಿ ಫಾಕ್ಸ್

ಕೆನಡಾದ ಟೆರ್ರಿ ಫಾಕ್ಸ್ ಹುಟ್ಟಿದ್ದು 1958ರಲ್ಲಿ. ಬ್ಯಾಸ್ಕೆಟ್‌ಬಾಲ್ ಅಂದ್ರೆ ಅವನಿಗೆ ಪ್ರಾಣ. 18ನೇ ವಯಸ್ಸಿನಲ್ಲಿ ಮೊಣಕಾಲು ನೋವಿಗೆ ಪರೀಕ್ಷೆ ಮಾಡಿಸಿದಾಗ ಗೊತ್ತಾಗಿದ್ದು ಮೂಳೆ ಕ್ಯಾನ್ಸರ್. ಬಲಗಾಲನ್ನು ಮೊಣಕಾಲಿನ ಮೇಲಕ್ಕೇ ಕತ್ತರಿಸಿದರು.

ಕ್ಯಾನ್ಸರ್ ವಾರ್ಡಿನಲ್ಲಿ ತನಗಿಂತ ಚಿಕ್ಕ ಮಕ್ಕಳು ನರಳೋದನ್ನು ಟೆರ್ರಿ ನೋಡಿದ. ಹೊರಗೆ ಬಂದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಇಡೀ ಕೆನಡಾವನ್ನು ಓಡಿ ದಾಟೋದು ಅಂತ ನಿಶ್ಚಯಿಸಿದ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿನಲ್ಲಿ ಅದ್ದಿ ಹೊರಟ.

ಆ ಕಾಲು ಓಟಕ್ಕೆ ಮಾಡಿದ್ದಲ್ಲ. ಅದರ ಸ್ಪ್ರಿಂಗ್ ಮತ್ತೆ ಸ್ಥಾನಕ್ಕೆ ಬರೋ ತನಕ ಒಳ್ಳೆ ಕಾಲಲ್ಲಿ ಇನ್ನೊಂದು ಸಲ ಕುಪ್ಪಳಿಸಬೇಕಿತ್ತು. ತೊಡೆಯ ತುದಿ ಉಜ್ಜಿ ರಕ್ತ ಬರ್ತಿತ್ತು. ಆದರೂ ದಿನಕ್ಕೆ ಸುಮಾರು 42 ಕಿ.ಮೀ., ಅಂದ್ರೆ ದಿನಾ ಒಂದು ಮ್ಯಾರಥಾನ್!

ಆಗಸ್ಟ್ ಕೊನೆಗೆ ಆಂಟಾರಿಯೊದಲ್ಲಿ, ಇದೇ ಕ್ಯಾನ್ಸರಿಂದ ಕಾಲು ಕಳಕೊಂಡ 10 ವರ್ಷದ ಹುಡುಗನೊಬ್ಬ ಟೆರ್ರಿಯ ಹಿಂದೆ ಸೈಕಲ್ ತುಳಿಯುತ್ತಾ ಬಂದ. ಇಬ್ಬರೂ ಕೆರೆಯಲ್ಲಿ ಈಜಿದರು. ಇಡೀ ಓಟದಲ್ಲಿ ತನಗೆ ಅತಿ ಹೆಚ್ಚು ಸ್ಫೂರ್ತಿ ಕೊಟ್ಟ ದಿನ ಅದೇ ಅಂತ ಟೆರ್ರಿ ಹೇಳಿಕೊಂಡ. ಯಾರಿಗಾಗಿ ಓಡ್ತಿದ್ದನೋ, ಅವರಲ್ಲೊಬ್ಬ ಅವನಿಗೇ ಧೈರ್ಯ ತುಂಬಿದ್ದ.

ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಓಟ ನಿಂತಿತು. 143 ದಿನ, 5,373 ಕಿ.ಮೀ. ಆಗಿತ್ತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ದೇಶದ ಪ್ರತಿಯೊಬ್ಬರ ಲೆಕ್ಕದಲ್ಲಿ ಒಂದು ಡಾಲರ್ ಕೂಡಬೇಕು ಅನ್ನೋ ಅವನ ಆಸೆ ಅವನ ಕಣ್ಮುಂದೆಯೇ ಈಡೇರಿತು. 1981ರ ಜೂನ್ 28ರಂದು, 23 ತುಂಬಲು ಒಂದು ತಿಂಗಳಿರುವಾಗ, ತೀರಿಕೊಂಡ.

ಪೆಸಿಫಿಕ್ ಕಡಲು ಅವನಿಗೆ ಸಿಗಲಿಲ್ಲ. ಆದರೆ ಅವನ ಹೆಸರಿನ ಓಟ ಇವತ್ತಿಗೂ ಪ್ರತಿ ವರ್ಷ ನಡೀತಿದೆ.