ಕುದುರೆಯಿತ್ತು, ಕೋವಿಯಿತ್ತು, ಆಯ್ಕೆ ಇರಲಿಲ್ಲ

ನೈಋತ್ಯ ಇರಾನಿನ ಜಾಗ್ರೋಸ್ ಪರ್ವತಶ್ರೇಣಿಯಲ್ಲಿ ಕುರಿಮಂದೆಗಳೊಡನೆ ಅಲೆಯುವ ಬಖ್ತಿಯಾರಿ ಬುಡಕಟ್ಟಿನವರಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಹೆಣ್ಣುಕೂಸು ಹುಟ್ಟಿದೊಡನೆ ಅದರ ಹೊಕ್ಕುಳಬಳ್ಳಿಯನ್ನು ಒಬ್ಬ ಹುಡುಗನ ಹೆಸರು ಹೇಳಿ ಕತ್ತರಿಸುತ್ತಿದ್ದರು. ಅಲ್ಲಿಗೆ ಆ ಕೂಸಿನ ಮದುವೆ ನಿಶ್ಚಯವಾದಂತೆ. ಇನ್ನೊಂದು ಪದ್ಧತಿಯೂ ಇತ್ತು. ಎರಡು ಕುಲಗಳ ನಡುವೆ ಕೊಲೆ ನಡೆದು ಹಗೆ ಬೆಳೆದರೆ, ಕೊಂದವರ ಕಡೆಯ ಹೆಣ್ಣೊಂದನ್ನು ಸತ್ತವರ ಕಡೆಗೆ ಮದುವೆ ಮಾಡಿ ಕೊಟ್ಟು ರಾಜಿಯಾಗುತ್ತಿದ್ದರು. ಹರಿದ ರಕ್ತವನ್ನು ನಿಲ್ಲಿಸುವ ಭಾರ, ಆ ರಕ್ತಪಾತದಲ್ಲಿ ಯಾವ ಪಾಲೂ ಇಲ್ಲದ ಹುಡುಗಿಯ ಹೆಗಲ ಮೇಲೆ ಬೀಳುತ್ತಿತ್ತು.

ಇಂಥ ಸಮಾಜದಲ್ಲಿ 1874ರಲ್ಲಿ ಹುಟ್ಟಿದವಳು ಬೀಬಿ ಮರಿಯಂ. ಇರಾನಿನಲ್ಲಿ ಆಕೆಯನ್ನು ಸರ್ದಾರ್ ಮರಿಯಂ ಎಂದೂ ಕರೆಯುತ್ತಾರೆ. ಸರ್ದಾರ್ ಎಂಬುದು ಸೇನಾನಾಯಕರಿಗೆ ಸಲ್ಲುತ್ತಿದ್ದ ಬಿರುದು. ಹೆಣ್ಣಿನ ಹೆಸರಿನ ಜೊತೆ ಅದು ಸೇರಿದ್ದು ವಿರಳ. ಆಕೆಯ ಶೌರ್ಯದ ಕಥೆಗಳನ್ನು ಹೇಳುವವರು ಬಹಳ ಮಂದಿ. ನನ್ನನ್ನು ಹೆಚ್ಚು ಕಾಡಿರುವುದು ಆ ಶೌರ್ಯದ ಬೆನ್ನಿಗಿರುವ ಬೇರೊಂದು ಸಂಗತಿ. ನೂರಾರು ಸವಾರರು ಮಾತು ಕೇಳುತ್ತಿದ್ದ ಈ ಹೆಣ್ಣಿಗೆ, ತಾನು ಯಾರ ಜೊತೆ ಬಾಳಬೇಕೆಂಬುದನ್ನು ಹೇಳುವ ಅಧಿಕಾರವಿರಲಿಲ್ಲ.

ಮರಿಯಂಳ ತಂದೆ ಹುಸೇನ್ ಕುಲಿ ಖಾನ್ ಸಾಮಾನ್ಯನಲ್ಲ. ಬಖ್ತಿಯಾರಿಗಳು ಹಫ್ತ್ ಲಂಗ್ ಮತ್ತು ಚಹಾರ್ ಲಂಗ್ ಎಂಬ ಎರಡು ದೊಡ್ಡ ಕವಲುಗಳಾಗಿ ಒಡೆದು ಪರಸ್ಪರ ಕಾದಾಡುತ್ತಿದ್ದ ಕಾಲದಲ್ಲಿ, ಅವರೆಲ್ಲರನ್ನೂ ತನ್ನ ಹಿಡಿತಕ್ಕೆ ತಂದು, 1867ರಲ್ಲಿ ಷಾ ದೊರೆಯಿಂದ ಇಲ್‌ಖಾನಿ, ಅಂದರೆ ಇಡೀ ಬುಡಕಟ್ಟಿನ ನಾಯಕ, ಎಂಬ ಪದವಿ ಪಡೆದವನು. ಆ ಬಲವೇ ಅವನಿಗೆ ಮುಳುವಾಯಿತು. 1882ರಲ್ಲಿ ದೊರೆ ನಾಸಿರುದ್ದೀನ್ ಷಾನ ಮಗನೂ ಇಸ್ಫಹಾನಿನ ಪ್ರಾಂತಾಧಿಪತಿಯೂ ಆಗಿದ್ದ ಜಿಲ್ಲುಸ್ಸುಲ್ತಾನ್ ಅವನನ್ನು ಕರೆಸಿಕೊಂಡು ಕೊಲ್ಲಿಸಿದ. ಗಂಡುಮಕ್ಕಳನ್ನು ಸೆರೆಗೆ ತಳ್ಳಿದ. ಮರಿಯಂಳಿಗೆ ಆಗ ಎಂಟು ವರ್ಷದ ಆಸುಪಾಸು.

ತಂದೆ ಹೋದರೂ ಮದುವೆಯ ಮಾತು ಉಳಿಯಿತು. ಎಳವೆಯಲ್ಲಿಯೇ ಆಕೆಗೆ ಗೊತ್ತುಮಾಡಿದ್ದ ವರ ಚಹಾರ್ ಲಂಗ್ ಕವಲಿನ ನಾಯಕ ಅಲಿ ಕುಲಿ ಖಾನ್, ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯ. ಹಳೆಯ ಹಗೆಯ ಎರಡು ಕವಲುಗಳನ್ನು ಬೆಸೆಯುವ ಸಂಬಂಧವದು. ರಾಜಕೀಯದ ಲೆಕ್ಕದಲ್ಲಿ ಜಾಣ ನಡೆ. ಆ ಲೆಕ್ಕದೊಳಗೆ ಹುಡುಗಿಯ ಮನಸ್ಸಿಗೆ ಮಾತ್ರ ಜಾಗವಿರಲಿಲ್ಲ. ಹದಿಹರೆಯದಲ್ಲಿಯೇ ಆಕೆ ಆ ಮನೆ ಸೇರಿದಳು. ಅಲಿ ಮರ್ದಾನ್ ಮತ್ತು ಮಹಮ್ಮದ್ ಅಲಿ ಎಂಬ ಇಬ್ಬರು ಗಂಡುಮಕ್ಕಳ ತಾಯಿಯಾದಳು. ಆ ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಮುಂದೆ ಬಂಧುವರ್ಗದೊಳಗೇ ನಡೆದ ಎರಡನೆಯ ಮದುವೆಯೂ ಆಕೆಗೆ ನೆಮ್ಮದಿ ಕೊಡಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಲೆಮಾರಿ ಹೆಣ್ಣಿನ ಬದುಕು ನಗರದ ಅಂತಃಪುರದ ಬದುಕಿನಂತೆ ಮುಚ್ಚಿದ ಬದುಕಾಗಿರಲಿಲ್ಲ. ವರ್ಷಕ್ಕೆರಡು ಬಾರಿ ಇಡೀ ಬುಡಕಟ್ಟು ಗುಳೆ ಹೊರಡುತ್ತಿತ್ತು. ಚಳಿಗಾಲಕ್ಕೆ ಖೂಜಿಸ್ತಾನದ ಬೆಚ್ಚನೆಯ ಬಯಲು, ಬೇಸಿಗೆಗೆ ಚಹಾರ್ ಮಹಾಲ್ ಕಡೆಯ ತಂಪು ಕಣಿವೆಗಳು. ನಡುವೆ ಹಿಮ ಕವಿದ ಜರ್ದ್ ಕೂಹ್ ಪರ್ವತ, ಗಾಳಿ ತುಂಬಿದ ಆಡಿನ ತೊಗಲುಗಳನ್ನು ಕಟ್ಟಿಕೊಂಡು ದಾಟಬೇಕಾದ ಕಾರೂನ್ ನದಿ. 1925ರಲ್ಲಿ ತೆರೆಕಂಡ ಗ್ರಾಸ್ ಎಂಬ ಅಮೆರಿಕನ್ ಮೂಕಿ ಸಾಕ್ಷ್ಯಚಿತ್ರದಲ್ಲಿ ಈ ಪಯಣವನ್ನು ಇಂದಿಗೂ ನೋಡಬಹುದು. ಗಂಡಸರ ಜೊತೆ ಹೆಂಗಸರೂ ಹಿಮದಲ್ಲಿ ನಡೆಯುತ್ತಾರೆ, ಮಂದೆ ಅಟ್ಟುತ್ತಾರೆ, ತೊಟ್ಟಿಲು ಹೊರುತ್ತಾರೆ. ನಾಯಕರ ಮನೆತನದ ಹೆಂಗಸರು, ಅಂದರೆ ಬೀಬಿಗಳು, ಗಂಡಸರು ದೂರ ಹೋದಾಗ ಜಮೀನಿನ ಲೆಕ್ಕ ನೋಡುತ್ತಿದ್ದರು, ವ್ಯಾಜ್ಯ ತೀರಿಸುತ್ತಿದ್ದರು. ಮರಿಯಂ ಕುದುರೆ ಸವಾರಿಯನ್ನೂ ಕೋವಿ ಹಿಡಿಯುವುದನ್ನೂ ಕಲಿತದ್ದು ಈ ವಾತಾವರಣದಲ್ಲಿ. ಓದುಬರಹವನ್ನೂ ಕಲಿತಳು, ಅದು ಆಗ ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಸುಲಭವಾಗಿ ದಕ್ಕುವ ಭಾಗ್ಯವಾಗಿರಲಿಲ್ಲ.

ದುಡಿಮೆಯಲ್ಲಿ ಪಾಲು, ಆಡಳಿತದಲ್ಲಿ ಪಾಲು ಇದ್ದರೂ ಮದುವೆಯ ವಿಷಯಕ್ಕೆ ಬಂದಾಗ ಹೆಣ್ಣು ಮತ್ತೆ ಸ್ವತ್ತಾಗುತ್ತಿದ್ದಳು. 1890ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಇಂಗ್ಲಿಷ್ ಪ್ರವಾಸಿ ಇಸಾಬೆಲಾ ಬರ್ಡ್ ಬಳಿಗೆ ಔಷಧ ಕೇಳಿ ಬಂದ ಖಾನರ ಮಡದಿಯರು, ಗಂಡನ ಪ್ರೀತಿಯನ್ನು ತಮ್ಮತ್ತ ತಿರುಗಿಸುವ ಮದ್ದು ಇದೆಯೇ ಎಂದು ಕೇಳಿದರಂತೆ. ಸವತಿಯರ ನಡುವಿನ ಬಾಳು ಎಷ್ಟು ಅಭದ್ರವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮರಿಯಂ ಮದ್ದು ಕೇಳಲಿಲ್ಲ, ಪ್ರಶ್ನೆ ಕೇಳಿದಳು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಆಕೆ ಬರೆದಿಟ್ಟ ನೆನಪುಗಳು 2003ರಲ್ಲಿ ಇರಾನಿನಲ್ಲಿ ಪುಸ್ತಕವಾಗಿ ಹೊರಬಂದವು. ತನ್ನನ್ನು ಕೇಳದೆ ಮಾಡಿದ ಮದುವೆ, ಹೆಣ್ಣನ್ನು ಓದಿನಿಂದ ದೂರವಿಟ್ಟ ಸಮಾಜ, ಬಹುಪತ್ನಿತ್ವದ ಸಂಕಟ ಇವನ್ನೆಲ್ಲ ಆಕೆ ಮುಚ್ಚುಮರೆಯಿಲ್ಲದೆ ಬರೆದಳು. ಹೆಣ್ಣಿಗೆ ವಿದ್ಯೆ ಬೇಕು, ಸಂಗಾತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬೇಕು ಎಂಬುದು ಆಕೆಯ ನಿಲುವು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಟೆಹರಾನಿನ ಅರಮನೆಯಿಂದ ಇನ್ನೊಬ್ಬಳು ಇದೇ ದೂರನ್ನು ಬರೆಯುತ್ತಿದ್ದಳು. ಆಕೆ ನಾಸಿರುದ್ದೀನ್ ಷಾನ ಮಗಳು ತಾಜುಸ್ಸಲ್ತನಾ. ಬಾಲ್ಯದಲ್ಲಿಯೇ ನಿಶ್ಚಿತಾರ್ಥವಾಗಿ, ಬಾಳು ಹೊಂದದೆ ಗಂಡನಿಂದ ಬೇರೆಯಾದವಳು. ಒಬ್ಬಳ ಅಣ್ಣ ಇನ್ನೊಬ್ಬಳ ತಂದೆಯನ್ನು ಕೊಲ್ಲಿಸಿದವನು. ಆ ಇಬ್ಬರು ಹೆಣ್ಣುಮಕ್ಕಳ ಅಳಲು ಮಾತ್ರ ಒಂದೇ.

ಹೊರಗಿನ ಬದುಕಿನಲ್ಲಿ ಮರಿಯಂ ಇಟ್ಟ ಹೆಜ್ಜೆಗಳು ದಿಟ್ಟವಾದವು. 1908ರ ಜೂನ್‌ನಲ್ಲಿ ಮಹಮ್ಮದ್ ಅಲಿ ಷಾ ಸಂಸತ್ ಭವನದ ಮೇಲೆ ಫಿರಂಗಿ ಹಾರಿಸಿ ಸಂವಿಧಾನವನ್ನು ತುಳಿದಾಗ ಬಖ್ತಿಯಾರಿಗಳು ಸಂವಿಧಾನವಾದಿಗಳ ಪಕ್ಷ ವಹಿಸಿದರು. 1909ರ ಜನವರಿಯಲ್ಲಿ ಇಸ್ಫಹಾನ್ ಅವರ ಕೈಸೇರಿತು. ಜುಲೈನಲ್ಲಿ ಮರಿಯಂಳ ಅಣ್ಣ ಸರ್ದಾರ್ ಅಸದ್ ನೇತೃತ್ವದ ಪಡೆ ಟೆಹರಾನ್ ಪ್ರವೇಶಿಸಿತು, ಷಾ ಪಟ್ಟ ತೊರೆದ. ಪಡೆ ಬರುವ ಮುನ್ನವೇ ಗುಟ್ಟಾಗಿ ರಾಜಧಾನಿ ಸೇರಿದ ಮರಿಯಂ ಸಂಸತ್ತಿನೆದುರಿನ ಮನೆಯೊಂದರ ಮಾಳಿಗೆಯಿಂದ ಷಾನ ಕಸಾಕ್ ಸೈನಿಕರ ಮೇಲೆ ಗುಂಡು ಹಾರಿಸಿದಳೆಂಬುದು ಇರಾನಿನಲ್ಲಿ ಮನೆಮಾತಾದ ಕಥೆ.

ಮೊದಲ ಮಹಾಯುದ್ಧದಲ್ಲಿ ಆಕೆಯ ದಾರಿ ತನ್ನವರಿಂದಲೇ ಬೇರೆಯಾಯಿತು. 1908ರಲ್ಲಿ ಬಖ್ತಿಯಾರಿ ನೆಲದ ಮಸ್ಜಿದ್ ಸುಲೇಮಾನಿನಲ್ಲಿ ತೈಲ ಚಿಮ್ಮಿದಂದಿನಿಂದ ಹಿರಿಯ ಖಾನರಿಗೆ ಬ್ರಿಟಿಷರೊಡನೆ ಹಣದ ನಂಟಿತ್ತು. ಮರಿಯಂ ಬ್ರಿಟಿಷರನ್ನೂ ರಷ್ಯನ್ನರನ್ನೂ ವಿರೋಧಿಸಿ, ಓಡಿಬಂದ ಜರ್ಮನ್ನರಿಗೂ ರಾಷ್ಟ್ರೀಯವಾದಿಗಳಿಗೂ ಆಸರೆ ಕೊಟ್ಟಳು. ಇದಕ್ಕಾಗಿ ಜರ್ಮನಿಯ ಚಕ್ರವರ್ತಿ ಐರನ್ ಕ್ರಾಸ್ ಪದಕ ನೀಡಿ ಗೌರವಿಸಿದನೆಂಬುದು ಪ್ರಸಿದ್ಧ. ಪಾರಸಿ ಮಹಾನಿಘಂಟಿನ ಕರ್ತೃ ಅಲಿ ಅಕ್ಬರ್ ದಹ್‌ಖುದಾ ಯುದ್ಧಕಾಲದಲ್ಲಿ ಬಖ್ತಿಯಾರಿಗಳ ಆಶ್ರಯದಲ್ಲಿದ್ದಾಗಲೇ ಆ ನಿಘಂಟಿನ ಕೆಲಸಕ್ಕೆ ಮನಸ್ಸು ಮಾಡಿದ.

ಕೊನೆಯ ವರ್ಷಗಳು ಕಠೋರ. ರೆಜಾ ಷಾ ಬುಡಕಟ್ಟುಗಳ ಬೆನ್ನೆಲುಬು ಮುರಿಯಲು ಹೊರಟಾಗ, 1929ರಲ್ಲಿ ಆತನ ವಿರುದ್ಧ ದಂಗೆಯೆದ್ದವರ ಮುಂಚೂಣಿಯಲ್ಲಿದ್ದವನು ಆಕೆಯ ಮಗ ಅಲಿ ಮರ್ದಾನ್ ಖಾನ್. ಅವನನ್ನು 1934ರಲ್ಲಿ ಟೆಹರಾನಿನಲ್ಲಿ ಕೊಂದರು. ರೆಜಾ ಷಾನ ಯುದ್ಧಮಂತ್ರಿಯಾಗಿದ್ದ ಆಕೆಯ ಸೋದರಳಿಯನೂ ಅದೇ ವರ್ಷ ಸೆರೆಮನೆಯಲ್ಲಿ ಸತ್ತ. ಬಾಲ್ಯದಲ್ಲಿ ತಂದೆಯನ್ನು ಕಳೆದುಕೊಂಡ ಆಕೆ ಇಳಿವಯಸ್ಸಿನಲ್ಲಿ ಮಗನನ್ನು ಕಳೆದುಕೊಂಡಳು. ಎರಡೂ ಪ್ರಭುತ್ವದ ಕೈಯಿಂದಲೇ. 1937ರಲ್ಲಿ ತೀರಿಕೊಂಡ ಮರಿಯಂಳ ಸಮಾಧಿ ಇಸ್ಫಹಾನಿನ ತಖ್ತೆ ಫುಲಾದ್ ಸ್ಮಶಾನದಲ್ಲಿದೆ.

ಆಕೆಯನ್ನು ವೀರನಾರಿ ಎಂದು ಕೊಂಡಾಡುವುದು ಸುಲಭ. ಹಾಗೆ ಮಾಡಿ ಆಕೆ ಎತ್ತಿದ ಪ್ರಶ್ನೆಯನ್ನು ಮರೆಸುವುದು ಇನ್ನೂ ಸುಲಭ ಎಂಬುದೇ ನನ್ನ ಆತಂಕ. ಯಾವ ಸಂವಿಧಾನಕ್ಕಾಗಿ ಆಕೆಯ ಕುಲ ರಕ್ತ ಸುರಿಸಿತೋ, ಅದರಡಿ 1906ರಲ್ಲಿ ರೂಪುಗೊಂಡ ಚುನಾವಣಾ ಕಾನೂನು ಹೆಂಗಸರನ್ನು ಅಪ್ರಾಪ್ತರು, ಅಪರಾಧಿಗಳು, ದಿವಾಳಿಯಾದವರ ಸಾಲಿನಲ್ಲಿ ಕೂರಿಸಿ ಮತದಾನದಿಂದ ಹೊರಗಿಟ್ಟಿತು. ಆ ಹಕ್ಕು ಸಿಕ್ಕಿದ್ದು 1963ರಲ್ಲಿ. ಮದುವೆಯ ವಿಷಯದಲ್ಲಿಯೂ ಧರ್ಮಶಾಸ್ತ್ರ ವಧುವಿನ ಒಪ್ಪಿಗೆ ಅಗತ್ಯವೆಂದೇ ಹೇಳುತ್ತದೆ. ಆದರೆ ನಾಚಿ ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದೇ ಎಣಿಸುವ ರೂಢಿ ಆ ನಿಯಮವನ್ನು ಟೊಳ್ಳಾಗಿಸಿತು. ಇರಾನಿನ ನಾಗರಿಕ ಸಂಹಿತೆಯ 1043ನೇ ವಿಧಿಯ ಪ್ರಕಾರ ಕನ್ಯೆ ಪ್ರಾಪ್ತವಯಸ್ಕಳಾಗಿದ್ದರೂ ಮದುವೆಯಾಗಲು ತಂದೆಯ ಅಥವಾ ತಂದೆಯ ತಂದೆಯ ಅನುಮತಿ ಬೇಕು. ಕಾರಣವಿಲ್ಲದೆ ಅವರು ನಿರಾಕರಿಸಿದರೆ ನ್ಯಾಯಾಲಯದ ಬಾಗಿಲು ತಟ್ಟಬೇಕು. ಹುಡುಗಿಯರ ಮದುವೆಯ ವಯಸ್ಸು 2002ರ ತಿದ್ದುಪಡಿಯಲ್ಲಿ 13ಕ್ಕೆ ನಿಂತಿತು. ತಂದೆಯೂ ನ್ಯಾಯಾಲಯವೂ ಒಪ್ಪಿದರೆ ಅದಕ್ಕೂ ಮೊದಲೇ ಮದುವೆ ಸಾಧ್ಯ.

ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಹೆಣ್ಣನ್ನು ಸಮಾಜ ಬೇಗ ಒಪ್ಪಿಕೊಳ್ಳುತ್ತದೆ. ಆಕೆಗೆ ಬಿರುದು, ಪದಕ, ಸ್ಮಾರಕ ಎಲ್ಲವನ್ನೂ ಕೊಡುತ್ತದೆ. ತನಗಾಗಿ, ತನ್ನ ಬಾಳಿಗಾಗಿ ಹಕ್ಕು ಕೇಳುವ ಹೆಣ್ಣನ್ನು ಅದೇ ಸಮಾಜ ಅನುಮಾನದಿಂದ ನೋಡುತ್ತದೆ. ಮರಿಯಂ ಈ ಎರಡನ್ನೂ ಕೇಳಿದಳು. ಮೊದಲನೆಯದಕ್ಕೆ ಆಕೆಗೆ ಕೀರ್ತಿ ಸಂದಿದೆ. ಎರಡನೆಯದಕ್ಕೆ ಸಿಗಬೇಕಾದ ಉತ್ತರ ಇನ್ನೂ ಬಾಕಿಯಿದೆ.