ಗಡಿನಾಡಿನ ವಕೀಲ ರಾಬರ್ಟ್ ಷೂಮಾನ್

ಯೂರೋಪಿನ ಐಕ್ಯದ ಮಾತು ಬಂದಾಗಲೆಲ್ಲ ರಾಬರ್ಟ್ ಷೂಮಾನರ ಹೆಸರು ಕೇಳಿಬರುವುದು. ಕಲ್ಲಿದ್ದಲು ಉಕ್ಕುಗಳ ಒಕ್ಕೂಟವನ್ನು ಸೂಚಿಸಿದ ಮುತ್ಸದ್ದಿಯೆಂದು ಲೋಕವು ಅವರನ್ನು ಬಲ್ಲುದು. ಅದಕ್ಕೂ ಮೊದಲು ಅವರು ವಕೀಲರು. ಒಂದು ರಾಜ್ಯದ ಸನ್ನದಿಗೆ ಇನ್ನೊಂದು ರಾಜ್ಯದಲ್ಲಿ ಬೆಲೆಯೇನೆಂಬ ಪ್ರಶ್ನೆಯು ಅವರ ಬಾಳಿನಲ್ಲಿಯೇ ಅಡಗಿದ್ದಿತು. ಆ ಭಾಗವನ್ನೇ ನಾವಿಲ್ಲಿ ವಾಚಕರ ಮುಂದಿಡುತ್ತೇವೆ.

ಷೂಮಾನರು 1886ರ ಜೂನ್ 29ರಂದು ಲಕ್ಸೆಂಬರ್ಗಿನಲ್ಲಿ ಜನಿಸಿದರು. ತಂದೆಯವರು ಲೊರೇನ್ ಸೀಮೆಯವರು. 1871ರಲ್ಲಿ ಆ ಸೀಮೆಯು ಜರ್ಮನಿಯ ವಶವಾದಾಗ ಫ್ರೆಂಚ್ ಪ್ರಜೆಯಾಗಿದ್ದವರು ಜರ್ಮನ್ ಪ್ರಜೆಯಾದರು. ಮಗನು ಜರ್ಮನ್ ವಿಶ್ವವಿದ್ಯಾನಿಲಯಗಳಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ 1912ರಲ್ಲಿ ಮೆಟ್ಸ್ ಪಟ್ಟಣದಲ್ಲಿ ವಕೀಲಿಗೆ ತೊಡಗಿದರು. 1918ರಲ್ಲಿ ಮೆಟ್ಸ್ ಮರಳಿ ಫ್ರಾನ್ಸಿನ ಪಾಲಾಯಿತು. ವಕೀಲರು ಊರು ಬಿಡಲಿಲ್ಲ, ರಾಜ್ಯವೇ ಬದಲಾಯಿತು.

1919ರಲ್ಲಿ ಅವರು ಫ್ರೆಂಚ್ ಶಾಸನಸಭೆಗೆ ಚುನಾಯಿತರಾದರು. ಜರ್ಮನ್ ಕಾಲದ ಕಟ್ಟಳೆಗಳೆಲ್ಲ ಅಳಿಯಬೇಕೆಂಬವರು ಅಲ್ಲಿ ಅನೇಕರಿದ್ದರು. ಎರಡು ಶಾಸನಪದ್ಧತಿಗಳನ್ನೂ ಬಲ್ಲ ಷೂಮಾನರು ಹೊಂದಾಣಿಕೆಯ ಕಾರ್ಯದಲ್ಲಿ ವರ್ಷಗಟ್ಟಲೆ ದುಡಿದರು. 1924ರ ಜೂನ್ 1ರ ಶಾಸನಗಳಿಂದ ಫ್ರೆಂಚ್ ಸಿವಿಲ್ ಮತ್ತು ವಾಣಿಜ್ಯ ಕಾಯಿದೆಗಳು ಅಲ್ಲಿಗೆ ಬಂದವು. ಆದರೆ ಕಾಯಿಲೆಯ ವಿಮೆ, ಭೂದಾಖಲೆಯ ಕ್ರಮ, ಕಸಬುದಾರರ ಸಂಘಗಳ ನಿಯಮ ಮುಂತಾದುವು ಉಳಿದವು, ಈಗಲೂ ಉಳಿದಿವೆ.

1950ರ ಮೇ 9ರ ಘೋಷಣೆಯು ಸರ್ವವಿದಿತವಾದುದು. 1957ರ ರೋಮ್ ಒಪ್ಪಂದದಲ್ಲಿ ಆರು ರಾಷ್ಟ್ರಗಳು ಪರಸ್ಪರರ ವೃತ್ತಿಪದವಿಗಳನ್ನು ಮನ್ನಿಸುವ ಸಂಕಲ್ಪ ಮಾಡಿದವು. ಷೂಮಾನರು 1958ರಿಂದ 1960ರ ವರೆಗೆ ಯೂರೋಪಿನ ಸಭೆಯ ಅಧ್ಯಕ್ಷರಾಗಿದ್ದು, 1963ರ ಸೆಪ್ಟೆಂಬರ್ 4ರಂದು ತೀರಿಕೊಂಡರು. ಸಂಕಲ್ಪದ ಫಲವನ್ನು ಅವರು ಕಾಣಲಿಲ್ಲ.

ಫಲವು ಬೇಗನೆ ಬರಲೂ ಇಲ್ಲ. ಒಂದೊಂದು ವೃತ್ತಿಯ ಶಿಕ್ಷಣವನ್ನೂ ಎಲ್ಲೆಡೆ ಒಂದೇ ಅಳತೆಗೆ ತರಲು ಯತ್ನಿಸಿದರು. ವೈದ್ಯರಿಗೆ ಆರು ವರ್ಷ ಅಥವಾ 5,500 ಗಂಟೆಗಳ ವ್ಯಾಸಂಗವೆಂದು 1975ರಲ್ಲಿ ಗೊತ್ತಾಯಿತು. ವಾಸ್ತುಶಿಲ್ಪಿಗಳ ವಿಷಯದಲ್ಲಿ 1967ರಲ್ಲಿ ಬಂದ ಸೂಚನೆಯು 1985ರಲ್ಲಿ ಶಾಸನವಾಯಿತು. ಇದರಿಂದ ಬೇಸತ್ತು 1988ರಲ್ಲಿ ಹೊಸ ಹಾದಿ ಹಿಡಿದರು: ಕನಿಷ್ಠ ಮೂರು ವರ್ಷದ ಉನ್ನತ ಶಿಕ್ಷಣದಿಂದ ಪಡೆದ ವೃತ್ತಿಪದವಿಯನ್ನು ಇತರ ರಾಷ್ಟ್ರಗಳೂ ಮನ್ನಿಸಬೇಕು, ಗಣನೀಯ ಕೊರತೆಯಿದ್ದಲ್ಲಿ ಮಾತ್ರ ಪರೀಕ್ಷೆಯನ್ನೋ ತರಬೇತಿಯನ್ನೋ ಕೇಳಬಹುದು.

ಸನ್ನದು ಇರುವುದು ರೋಗಿಯ ಮತ್ತು ಕಕ್ಷಿಗಾರನ ರಕ್ಷಣೆಗೆ. ಹೊರಗಿನವನ ಅನ್ನಕ್ಕೆ ಅಡ್ಡಬರುವುದಕ್ಕಲ್ಲ. ಆ ರಕ್ಷಣೆ ಕೆಡದಂತೆ ಬೇಲಿಯನ್ನು ತೆಗೆಯುವುದು ಹೇಗೆಂಬುದೇ ಕಷ್ಟ. ನೆರೆಯವನ ಕಟ್ಟಳೆಯನ್ನು ಅಳಿಸದೆ ಅದರಲ್ಲಿರುವ ಯೋಗ್ಯತೆಯನ್ನು ತೂಗಿ ನೋಡಬೇಕೆಂಬ ಮಾರ್ಗವನ್ನು ಷೂಮಾನರು 1924ರಲ್ಲಿಯೇ ತೋರಿದ್ದರು. ಯೂರೋಪು ಅದೇ ಮಾರ್ಗಕ್ಕೆ ಬರಲು ಅರುವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತೆಂಬುದು ನಮ್ಮ ಅಭಿಪ್ರಾಯ.