ಮೆಣಸಿನಕಾಯಿಯಲ್ಲಿ ಸಿಕ್ಕ ನಿಧಿ

ಮಕ್ಕಳೇ, ಹೆಚ್ಚಿಟ್ಟ ಬಾಳೆಕಾಯಿ, ಬದನೆಕಾಯಿ ಸ್ವಲ್ಪ ಹೊತ್ತಿನಲ್ಲೇ ಕಂದು ಬಣ್ಣಕ್ಕೆ ತಿರುಗುತ್ತವೆ. ಕತ್ತರಿಸಿದ ನಿಂಬೆ, ಕಿತ್ತಳೆ ಹಾಗಾಗುವುದಿಲ್ಲ. ಏಕೆ? ಈ ಪುಟ್ಟ ಪ್ರಶ್ನೆಯ ಬೆನ್ನುಹತ್ತಿ ನೊಬೆಲ್ ಪ್ರಶಸ್ತಿಯವರೆಗೆ ಹೋದ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ.

ಅವರು ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ವೈದ್ಯಕೀಯ ಓದುತ್ತಿದ್ದಾಗಲೇ ಮೊದಲ ಮಹಾಯುದ್ಧ ಆರಂಭವಾಯಿತು. ಸೈನ್ಯದಲ್ಲಿ ದುಡಿದು, ಯುದ್ಧಕ್ಕೆ ಬೇಸತ್ತು ಮರಳಿ ಬಂದು, 1917ರಲ್ಲಿ ವೈದ್ಯ ಪದವಿ ಪಡೆದರು.

ಕಾಯಿಯನ್ನು ಕತ್ತರಿಸಿದಾಗ ಜೀವಕೋಶಗಳು ಒಡೆಯುತ್ತವೆ. ಒಳಗಿನ ಕೆಲವು ವಸ್ತುಗಳು ಕಿಣ್ವದ ನೆರವಿನಿಂದ ಗಾಳಿಯ ಆಕ್ಸಿಜನ್‌ನೊಂದಿಗೆ ವರ್ತಿಸಿ ಕಂದಾಗುತ್ತವೆ. ಇದು ಉತ್ಕರ್ಷಣ ಕ್ರಿಯೆ. ನೆದರ್ಲೆಂಡ್ಸ್‌ನಲ್ಲಿ, ಬಳಿಕ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇದನ್ನು ಅಭ್ಯಸಿಸಿದ ಅವರು, ಕೆಲವು ಸಸ್ಯಗಳ ರಸದಲ್ಲಿ ಉತ್ಕರ್ಷಣವನ್ನು ತಡೆಯುವ ವಸ್ತುವೊಂದಿದೆ ಎಂದು ಕಂಡುಕೊಂಡರು. ಅದು ಏನೆಂದು ತಿಳಿಯದ ಕಾರಣ, ಗೊತ್ತಿಲ್ಲ ಎಂಬ ಅರ್ಥ ಬರುವಂತೆ 'ಇಗ್ನೋಸ್' ಎಂದು ತಮಾಷೆಯ ಹೆಸರಿಟ್ಟರು! ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. 1928ರಲ್ಲಿ ಅದು 'ಹೆಕ್ಸುರೋನಿಕ್ ಆಮ್ಲ' ಎಂಬ ಹೆಸರಿನಲ್ಲಿ ಪ್ರಕಟವಾಯಿತು.

ಮುಂದೆ ಅವರು ಹಂಗೇರಿಯ ಸೆಗೆಡ್ ನಗರಕ್ಕೆ ಬಂದರು. 1932ರಲ್ಲಿ ಗಿನಿಪಿಗ್‌ಗಳ ಮೇಲೆ ಪ್ರಯೋಗ ನಡೆಯಿತು. ಒಸಡಿನಿಂದ ರಕ್ತ ಸುರಿಸುವ ಸ್ಕರ್ವಿ ರೋಗವನ್ನು ತಡೆಯುವ ವಿಟಮಿನ್ ಸಿ ಇದೇ ಎಂದು ತಿಳಿಯಿತು. ಆದರೆ ಕೈಯಲ್ಲಿದ್ದ ವಸ್ತು ಮುಗಿದುಹೋಗಿತ್ತು. ಸಂಶೋಧನೆ ನಿಲ್ಲುವ ಸ್ಥಿತಿ!

ಒಂದು ರಾತ್ರಿ ಊಟಕ್ಕೆ ಹೆಂಡತಿ ಪ್ಯಾಪ್ರಿಕಾ ಬಡಿಸಿದರು. ಅದು ನಮ್ಮ ದೊಣ್ಣೆಮೆಣಸಿನಕಾಯಿಯ ಜಾತಿಯದೇ. ಅವರಿಗೆ ತಿನ್ನಲು ಮನಸ್ಸಾಗಲಿಲ್ಲ. ಇದನ್ನು ಪರೀಕ್ಷಿಸಿಯೇ ಇಲ್ಲವಲ್ಲ ಎಂದು ಹೊಳೆದು, ಪ್ರಯೋಗಾಲಯಕ್ಕೆ ಒಯ್ದರು. ನಡುರಾತ್ರಿಯ ಹೊತ್ತಿಗೆ ಗೊತ್ತಾಯಿತು, ಅದರಲ್ಲಿ ವಿಟಮಿನ್ ಸಿ ತುಂಬಿತ್ತು! ಕೆಲವೇ ವಾರಗಳಲ್ಲಿ ಅದನ್ನು ಕಿಲೋಗಟ್ಟಲೆ ಬೇರ್ಪಡಿಸಿ ಬೇರೆ ವಿಜ್ಞಾನಿಗಳಿಗೂ ಹಂಚಿದರು. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಗಿಡಕ್ಕೆ ವಿಟಮಿನ್ ಸಿ ಏಕೆ ಬೇಕು? ಬಿಸಿಲು ಹೆಚ್ಚಾದಾಗ, ನೀರು ಬತ್ತಿದಾಗ, ಮಣ್ಣಿನಲ್ಲಿ ಉಪ್ಪು ಏರಿದಾಗ ನಾವಾದರೆ ನೆರಳಿಗೆ ಓಡುತ್ತೇವೆ. ಗಿಡ ಎಲ್ಲಿಗೆ ಓಡೀತು? ಆಗ ಎಲೆಯೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಹಾನಿಕರ ವಸ್ತುಗಳು ಹೆಚ್ಚುತ್ತವೆ. ವಿಟಮಿನ್ ಸಿ ಒಂದು ಕಿಣ್ವದ ಜೊತೆಗೂಡಿ ಅದನ್ನು ನೀರಾಗಿ ಬದಲಾಯಿಸುತ್ತದೆ. ಹೀಗೆ ಜೀವಕೋಶಗಳು ಉಳಿಯುತ್ತವೆ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳನ್ನು ವಿರೋಧಿಸಿ ಸೆಂಟ್ ಗ್ಯೋರ್ಗಿ ತಲೆಮರೆಸಿಕೊಳ್ಳಬೇಕಾಯಿತು. 1947ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲೇ 1986ರ ಅಕ್ಟೋಬರ್ 22ರಂದು ತೀರಿಕೊಂಡರು.

ಮಾಡಿ ನೋಡಿ: ದೊಡ್ಡವರ ಸಹಾಯದಿಂದ ಬಾಳೆಕಾಯಿಯ ಎರಡು ಹೋಳು ಮಾಡಿ. ಒಂದಕ್ಕೆ ಮಾತ್ರ ನಿಂಬೆರಸ ಹಚ್ಚಿ. ಅರ್ಧ ಗಂಟೆಯ ನಂತರ ಎರಡನ್ನೂ ಹೋಲಿಸಿ. ನಿಂಬೆಯ ವಿಟಮಿನ್ ಸಿ ಜೊತೆಗೆ ಅದರ ಹುಳಿಯೂ ಇಲ್ಲಿ ಕೆಲಸ ಮಾಡುತ್ತದೆ.